ಬಸ್ಸಿನ ದಾರಿ, ಬೀರಪ್ಪನ ಪೆಟ್ಟಿಗೆ

ಮಾರಿಯಪ್ಪ ಈ ಲೋಕದಲ್ಲಿ ಕಣ್ಣು ಮುಚ್ಚಿ ನಂಬಿದ್ದು ಎರಡನ್ನು. ಒಂದು ಹಟ್ಟಿಯ ದೇವರು ಬೀರಪ್ಪ, ಇನ್ನೊಂದು ಪೆನ್ನಾಗರಂನಿಂದ ಸೇಲಂಗೆ ಹೋಗುವ ಬಸ್ಸು. ಆ ವರ್ಷ ಬಸ್ಸು ಅವನನ್ನು ಬೀರಪ್ಪನ ಮುಂದೆ ತಲೆ ಎತ್ತದ ಹಾಗೆ ಮಾಡಿಬಿಟ್ಟಿತು.

ಸಂತೆಯಿಂದ ಸಂತೆಗೆ ಕುರಿ ಸಾಗಿಸುವ ಪುಟ್ಟ ಲಾರಿ ಅವನದು. ತಮಿಳುನಾಡಿನ ಆ ಸೀಮೆಯಲ್ಲಿ ಅಂಥ ಗಾಡಿಗೆ ಎಲ್ಲರೂ 'ಕುಟ್ಟಿ ಯಾನೆ' ಎನ್ನುತ್ತಾರೆ, ಮರಿಯಾನೆ ಅಂತ. ಪೆನ್ನಾಗರಂ ಸುತ್ತಿನ ಗುಂಡಿ ಗುಂಡಿಯೂ ಅದಕ್ಕೆ ಗೊತ್ತು. ತೊಪ್ಪೂರು ಘಾಟಿ ಇಳಿದ ಮೇಲೆ ಮಾತ್ರ ಗಾಡಿಗೂ ಯಜಮಾನನಿಗೂ ದಿಕ್ಕು ತೋಚದು. ಅದಕ್ಕೇ ಸೇಲಂಗೆ ಹೋಗಬೇಕಾದಾಗಲೆಲ್ಲ ಮಾರಿಯಪ್ಪ ಬಸ್ಸಿನ ಬಾಲ ಹಿಡಿಯುತ್ತಿದ್ದ. ಅದು ನಿಂತರೆ ಇವನೂ ನಿಲ್ಲುವುದು, ಹೊರಟರೆ ಹೊರಡುವುದು. ಬಸ್ಸಿನ ಡ್ರೈವರು ಟೀ ಕುಡಿದರೆ, ಬೇಡದಿದ್ದರೂ ಇವನೂ ಒಂದು ಟೀ ಕುಡಿಯುವುದು. ಮುಂದಿನ ಟಗರಿನ ಹಿಂದೆ ಹೋಗುವ ಮಂದೆಯಲ್ಲಿ ಒಂದು ಮರಿಯೂ ಕಳೆಯದು ಎಂಬುದನ್ನು ಅವನ ವಂಶದವರು ತಲೆಮಾರುಗಳಿಂದ ಕಣ್ಣಾರೆ ಕಂಡಿದ್ದರು. ಟಗರಿಗೆ ಮಾತ್ರ ಅಂತಲೇ ಬಿಟ್ಟ ದಾರಿಯೊಂದು ಪಟ್ಟಣಗಳಲ್ಲಿ ಇರುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ತಮಿಳರ ಆಡಿ ತಿಂಗಳು ಹತ್ತಿರ ಬಂದಾಗ ದೇವರ ಬೆಳ್ಳಿ ಕೊಡೆಗೆ ಮೆರುಗು ಹಾಕಿಸಲು ಸೇಲಂಗೆ ಹೋಗಬೇಕಾಯಿತು. ಎಂದಿನಂತೆ ಬಸ್ಸಿನ ಹಿಂದೆಯೇ ಹೋದ. ಬಸ್ಸು ಎಡಕ್ಕೆ ತಿರುಗಿತು, ಇವನೂ ತಿರುಗಿದ. ರಸ್ತೆಯ ಮೇಲೆ ಏನೋ ಹಳದಿ ಬಣ್ಣದಲ್ಲಿ ಬರೆದಿತ್ತು. ಬರೆದವರಿಗೆ ಅದರಿಂದ ಏನಾದರೂ ಉಪಯೋಗ ಇರಬಹುದು ಎಂದುಕೊಂಡು ಅದರ ಮೇಲೇ ಹೋದ. ಬಸ್ಸು ಪ್ಲಾಟ್‌ಫಾರಂಗೆ ಮೂಗು ತಾಗಿಸಿ ನಿಂತಿತು. ಇವನೂ ಪಕ್ಕದಲ್ಲೇ ಮೂಗು ತಾಗಿಸಿ ನಿಂತ.

ಕೋಳಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡ ಅಜ್ಜಿ ಬಂದು "ಓಮಲೂರ್ ಪೋಗುಮಾ?" ಎಂದಳು. ವಾಪಸ್ ಹೋಗುವಾಗ ಓಮಲೂರು ಸಿಗುತ್ತದೆ ಎಂಬುದು ನಿಜವಾದ್ದರಿಂದ ಮಾರಿಯಪ್ಪ ಹೂಂ ಎಂದ. ಅಜ್ಜಿ ಹಿಂದೆ ಹತ್ತಿ ಕೂತಳು. ಅಜ್ಜಿ ಹತ್ತಿದ್ದು ನೋಡಿ ಇನ್ನೊಂದಿಷ್ಟು ಜನ ಹತ್ತಿದರು. ಹತ್ತಿದವರನ್ನು ಇಳಿಯಿರಿ ಎನ್ನುವ ಬಾಯಿ ಅವನಿಗಿರಲಿಲ್ಲ. ಆ ಹಳದಿ ಬರಹದ ಮೇಲೇ ಹೊರಗೆ ಬಂದು, ಮೊದಲು ಬೆಳ್ಳಿ ಅಂಗಡಿಗೆ, ಆಮೇಲೆ ಓಮಲೂರಿಗೆ ಎಲ್ಲರನ್ನೂ ಕರೆದುಕೊಂಡು ಹೋದ. ಬೆಳ್ಳಿ ಅಂಗಡಿಯ ಮುಂದೆ ಬಿಸಿಲಲ್ಲಿ ಕಾದ ಆ ಜನ ಅವನಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ದಂಡದ ಸುದ್ದಿ ಬಂದದ್ದು ಹೆಂಡತಿ ಮುನಿಲಕ್ಷ್ಮಮ್ಮನ ಫೋನಿಗೆ. ಫೋನು ಬಂದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಮಾರಿಯಪ್ಪ ಎಲ್ಲ ಕಡೆಯೂ ಅವಳ ನಂಬರನ್ನೇ ಕೊಟ್ಟಿದ್ದ. ಅವಳು ನೀರಿಗೆ ಬಂದವಳು ಪಕ್ಕದ ಮನೆಯ ವನಿತಾಳ ಕೈಗೆ ಫೋನು ಕೊಟ್ಟಳು. ವನಿತಾ ಪೆನ್ನಾಗರಂನ ಇ-ಸೇವೆ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಯಾವುದನ್ನೂ ಮನಸ್ಸಿನಲ್ಲೇ ಓದಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

"ಅಣ್ಣ ಸೇಲಂನಾಗೆ ಬಸ್ ಲೇನಲ್ಲಿ ಗಾಡಿ ಓಡ್ಸವ್ರಂತೆ ಅಕ್ಕಾ. ಫೈನ್ ಆಕವ್ರೆ. ಫೋಟೋನೂ ಐತೆ."

"ಅವ್ರೇನಾ ಅಂತ ಸರ್ಯಾಗ್ ನೋಡು. ಎಂಗವ್ರೆ ಫೋಟೋದಾಗೆ?"

"ಭಯ ಬಿದ್ದಂಗವ್ರೆ."

"ಅಂಗಾದ್ರೆ ಅವ್ರೇ ಬಿಡು."

"ಇಂದ್ಗಡೆ ಒಂದ್ ಅಜ್ಜಿ ಕುಂತದೆ. ಕೈಲಿ ಕೋಳಿ ಐತೆ. ಕೋಳಿ ಚೆನ್ನಾಗಿ ಬಂದೈತೆ."

ಕೊಡ ತುಂಬುವಷ್ಟರಲ್ಲಿ ಸುದ್ದಿ ಹಟ್ಟಿಯನ್ನೆಲ್ಲ ಸುತ್ತಿ ಮಾರಿಯಪ್ಪನ ಕಿವಿಗೂ ಬಿತ್ತು. ಹಣ ದೊಡ್ಡದಾಗಿರಲಿಲ್ಲ. ಬೇರೆ ಯಾರಾದರೂ ವನಿತಾಳ ಅಂಗಡಿಯಲ್ಲಿ ಕಟ್ಟಿ, ಒಂದು ಬೋಂಡಾ ತಿಂದು ಮನೆಗೆ ಬರುತ್ತಿದ್ದರು. ಮಾರಿಯಪ್ಪ ಜಗುಲಿಯ ಮೇಲೆ ಕುಕ್ಕರಿಸಿ ಕೂತುಬಿಟ್ಟ.

ಕಾರಣ ಇತ್ತು. ಒಬ್ಬರ ಕುರಿ ಇನ್ನೊಬ್ಬರ ಹೊಲಕ್ಕೆ ನುಗ್ಗಿದರೆ ಹಟ್ಟಿಯ ಹಿರಿಯರು ಕಟ್ಟೆಯಲ್ಲಿ ಕೂತು ದಂಡ ಹಾಕುತ್ತಾರೆ. ದಂಡ ಕಟ್ಟಿದವನು ತಪ್ಪು ಒಪ್ಪಿದಂತೆ. ತಪ್ಪು ಒಪ್ಪಿದವನು ಒಂದು ವರ್ಷ ಬೀರಪ್ಪನ ಮೂರ್ತಿ ಇರುವ ಪೆಟ್ಟಿಗೆಯನ್ನು ಮುಟ್ಟುವಂತಿಲ್ಲ. ಪ್ರತಿ ಆಡಿ ಹದಿನೆಂಟಕ್ಕೆ ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹೊಗೆನಕಲ್ಲಿನ ಕಾವೇರಿಯಲ್ಲಿ ಮುಳುಗಿಸಿ ತರುವ ಸರದಿ ಮನೆಯಿಂದ ಮನೆಗೆ ಸಾಗುತ್ತದೆ. ಮಾರಿಯಪ್ಪನ ಮನೆಗೆ ಅದು ತಾತನ ಕಾಲದ ನಂತರ ಈ ವರ್ಷವೇ ಬಂದಿತ್ತು. ತಪ್ಪಿದರೆ ಇನ್ನು ಮೊಮ್ಮಕ್ಕಳ ಕಾಲಕ್ಕೆ. ಅವನ ನಂತರದ ಸರದಿ ಮುನಿಲಕ್ಷ್ಮಮ್ಮನ ಅಣ್ಣ ನಂಜಯ್ಯನದು. ಅವನು ಇನ್ನೊಂದು ವರ್ಷ ಕಾದರೆ ತಾನಾಗಿಯೇ ಬರುತ್ತಿತ್ತು. ಆದರೆ ನಂಜಯ್ಯ ಅನ್ನ ಬೇಯುವ ತನಕವೂ ಕಾಯುವವನಲ್ಲ.

ಪೊಲೀಸರ ದಂಡಕ್ಕೂ ಕಟ್ಟೆಯ ದಂಡಕ್ಕೂ ಏನು ಸಂಬಂಧ ಎಂದು ಆವರೆಗೆ ಯಾರೂ ಕೇಳಿರಲಿಲ್ಲ. ಮಾರಿಯಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಹೊಳೆಯುತ್ತಲೂ ಇರಲಿಲ್ಲ. ಹೆದರಿದ ಮನುಷ್ಯನಿಗೆ ಬಾಯಿ ಮುಚ್ಚಿಕೊಳ್ಳುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತದೆ. ಅವನು ನೇರ ಕಟ್ಟೆಯ ಯಜಮಾನ ನಾರಾಯಣಪ್ಪನ ಮನೆಗೆ ಹೋಗಿ ಕೇಳಿಬಿಟ್ಟ. ನಾರಾಯಣಪ್ಪನಿಗೆ ಕಿವಿ ಮಂದ. ಅವನ ಪರವಾಗಿ ಹಿರಿಯ ಅಕ್ಕ ಮಾತಾಡುವುದು ವಾಡಿಕೆ. ಅವಳನ್ನು ಹಟ್ಟಿಯೆಲ್ಲ ದೊಡ್ಡಕ್ಕ ಎನ್ನುತ್ತಿತ್ತು. ತಮ್ಮ ಏನೂ ಹೇಳದೆ ಇದ್ದದ್ದನ್ನೂ ಅವಳು ಅವನ ಪರವಾಗಿ ಹೇಳುತ್ತಿದ್ದಳು. ದುರದೃಷ್ಟಕ್ಕೆ ನಂಜಯ್ಯ ಅಲ್ಲೇ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

"ಪೊಲೀಸ್ನೋರ್ ದಂಡಾನೂ ದಂಡಾನಾ ದೊಡ್ಡಕ್ಕಾ?"

ನಂಜಯ್ಯ ಅಗಿಯುವುದನ್ನು ನಿಲ್ಲಿಸಿದ. "ದಂಡ ಅಂದ್ಮ್ಯಾಲೆ ದಂಡಾನೇ ಅಲ್ವೇನ್ಲಾ. ಪೊಲೀಸ್ನೋರ್ ಸುಮ್ ಸುಮ್ನೆ ಆಕ್ತಾರಾ?"

ದೊಡ್ಡಕ್ಕ ತಮ್ಮನ ಮುಖ ನೋಡಿದಳು. ಅವನು ನಿದ್ದೆ ಹೋಗಿದ್ದ. "ಯಜಮಾನ್ರು ಏಳ್ತಾವ್ರೆ," ಎಂದಳು, "ಕಟ್ಟಿದ್ರೆ ತಪ್ಪು, ಕಟ್ದಿದ್ರೆ ಇಲ್ಲ. ಓಗಿ ದಂಡ ಆಕಿದೋರ್ ತಾವ್ಲೇ ನಾನ್ ತಪ್ ಮಾಡಿಲ್ಲ ಅಂತೇಳಿ ಬಿಡಿಸ್ಕೊಂಡ್ ಬಾ. ಆಮ್ಯಾಕೆ ಪೆಟ್ಗೆ ಒತ್ಕೋ."

ಹೀಗೆ, ಯಾರೂ ಅಪೀಲು ಹೋಗದ ಸಣ್ಣ ದಂಡಕ್ಕೆ ಮಾರಿಯಪ್ಪ ಅಪೀಲು ಹೊರಟ. ಈ ಸಲ ಬಸ್ಸಿನ ಹಿಂದೆ ಹೋಗುವ ಧೈರ್ಯವಾಗಲಿಲ್ಲ. ಗಾಡಿಯನ್ನು ಮನೆಯಲ್ಲೇ ಬಿಟ್ಟು ಬಸ್ಸಿನ ಒಳಗೇ ಕೂತು ಹೋದ. ಆ ಹಳದಿ ಬರಹದ ಮೇಲೆ ಬಸ್ಸು ಹೊರಳಿದಾಗ ತಲೆ ತಗ್ಗಿಸಿ, ಸೀಟಿನ ಕೆಳಗೆ ಏನೋ ಬಿದ್ದಂತೆ ಹುಡುಕಿದ. ಕ್ಯಾಮೆರಾಕ್ಕೆ ಮುಖ ಪರಿಚಯ ಇರುತ್ತದೋ ಏನೋ, ಯಾರು ಕಂಡವರು.

ಟ್ರಾಫಿಕ್ ಆಫೀಸಿನಲ್ಲಿ ಎಸ್‌ಐ ಶಿವಲಿಂಗಂ ಕೂತಿದ್ದರು. ಹೊಸೂರಿನಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಸಿಟ್ಟು ಬಂದಾಗ ಮಾತ್ರ ತಮಿಳು.

"ಸಾರ್, ನನ್ ಗಾಡಿಗೆ ದಂಡ ಆಕವ್ರೆ. ತಪ್ಪು ಇಲ್ಲ ಅಂತ ಒಂದ್ ಮಾತ್ ಅಂದ್ಬುಡಿ ಸಾರ್."

ಶಿವಲಿಂಗಂ ಕಂಪ್ಯೂಟರಿನಲ್ಲಿ ಫೋಟೋ ತೆರೆದು ದೊಡ್ಡದು ಮಾಡಿದರು. "ಗಾಡಿ ನಿಂದೇ ತಾನೆ?"

"ನಂದೇ ಸಾರ್."

"ಓಡಿಸ್ತಿರೋದು ನೀನೇ ತಾನೆ?"

"ನಾನೇ ಸಾರ್. ಭಯ ಬಿದ್ದಂಗೈತೆ ನೋಡಿ."

"ಹೋಗಿರೋದು ಬಸ್ ಲೇನಲ್ಲಿ. ಮತ್ತೆ ತಪ್ಪು ಹೆಂಗಿಲ್ಲ? ದುಡ್ಡು ಇಲ್ವಾ?"

"ದುಡ್ ಐತೆ ಸಾರ್." ಮಾರಿಯಪ್ಪ ಸುತ್ತ ನೋಡಿ, ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿದ. "ಇದ್ಕಿಂತ ಜಾಸ್ತೀನೇ ಕೊಡ್ತೀನಿ. ದಂಡ ಅಂತ ಮಾತ್ರ ಬ್ಯಾಡ. ನಿಮ್ ಇಷ್ಟಕ್ಕೆ, ಕಾಣಿಕೆ ಅಂತ ಇಟ್ಕೊಳಿ. ಯಾರ್ಗೂ ಗೊತ್ತಾಗಾದ್ ಬ್ಯಾಡ."

ಶಿವಲಿಂಗಂ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತರು. ಆ ಆಫೀಸಿನಲ್ಲಿ ಆ ತಿಂಗಳಷ್ಟೇ ಮೇಲಿನವರು ಬಂದು, ಲಂಚದ ಬಗ್ಗೆ ಉಪನ್ಯಾಸ ಕೊಟ್ಟು, ಗೋಡೆಗೆ ಬೋರ್ಡು ಹಾಕಿಸಿ ಹೋಗಿದ್ದರು. ಬೋರ್ಡಿನ ಕೆಳಗೇ ಮಾರಿಯಪ್ಪ ನಿಂತಿದ್ದ. "ಎನ್ನಯ್ಯಾ ಸೊಲ್ರೇ ನೀ?" ಎಂದರು ಶಿವಲಿಂಗಂ, ಪಕ್ಕದ ಕೋಣೆಗೂ ಅದರ ಪಕ್ಕದ ಕೋಣೆಗೂ ಕೇಳುವ ಹಾಗೆ. "ಎನಕ್ಕಾ ಕಾಸು? ಎಲ್ಲಾರುಂ ಪಾತ್ತುಕ್ಕೊಂಗ, ನಾನ್ ವಾಂಗಲೆ."

ಎಲ್ಲರೂ ನೋಡಿದರು. ಶಿವಲಿಂಗಂ ತಾನು ಏನೂ ಮುಟ್ಟಿಲ್ಲ ಎಂದು ತೋರಿಸಲು ಎರಡೂ ಕೈ ಮೇಲೆತ್ತಿದ್ದರು. ಪೊಲೀಸರೇ ಕೈ ಎತ್ತಿದ್ದನ್ನು ನೋಡಿ ಹೆದರಿ ಮಾರಿಯಪ್ಪನೂ ಎರಡೂ ಕೈ ಎತ್ತಿದ. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ನಿಂತಿದ್ದರು.

ಆಮೇಲೆ ಕಟ್ಟೆ, ಪೆಟ್ಟಿಗೆ, ಸರದಿ, ನಂಜಯ್ಯ ಎಲ್ಲವನ್ನೂ ಅಳುವ ದನಿಯಲ್ಲಿ ಹೇಳಿದ ಮೇಲೆ ಶಿವಲಿಂಗಂ ಕೂತರು. ಅವರ ಊರಿನಲ್ಲೂ ಒಂದು ದೇವರಿತ್ತು. ಆ ದೇವರಿಗೂ ಒಬ್ಬ ನಂಜಯ್ಯ ಇದ್ದಿರಬೇಕು. ದನಿ ಕನ್ನಡಕ್ಕೆ ಇಳಿಯಿತು.

"ಸರಿ. ಅಪೀಲು ಹಾಕು. ಆ ಲೇನಿಗೆ ಯಾಕೆ ಹೋದೆ? ಕಾರಣ ಹೇಳು."

"ಬಸ್ ಓಯ್ತು ಸಾರ್, ಅದ್ಕೆ ನಾನೂ ಓದೆ."

"ಅದು ಕಾರಣ ಅಲ್ಲ. ಇವರೆಲ್ಲ ಯಾರು, ಹಿಂದೆ ಕೂತಿರೋರು?"

"ಗೊತ್ತಿಲ್ಲ ಸಾರ್. ಓಮಲೂರ್ಗೆ ಅಂತ ಅತ್ತುದ್ರು. ಬಿಟ್ ಬಂದೆ."

"ಬಸ್ ಸ್ಟ್ಯಾಂಡಲ್ಲಿ ನಿಲ್ಲಿಸಿ, ಜನ ಹತ್ತಿಸ್ಕೊಂಡು, ಓಮಲೂರಲ್ಲಿ ಇಳಿಸಿದೆ. ಅಂದ್ರೆ ನೀನು ಬಸ್ ಓಡಿಸ್ತಿದ್ದೀಯ."

ಮಾರಿಯಪ್ಪನಿಗೆ ಒಮ್ಮೆಲೇ ಬೆಳಕು ಕಂಡಿತು. "ಔದ್ ಸಾರ್, ಅಂಗೇ ಬರ್ಕೊಳಿ. ನಂದು ಬಸ್ಸು. ಬಸ್ಸು ಬಸ್ಸಿನ್ ದಾರೀಲಿ ಓದ್ರೆ ತಪ್ಪೇನೈತೆ?"

"ಪರ್ಮಿಟ್ ಇಲ್ಲದ ಬಸ್ಸು ಓಡಿಸಿದ್ರೆ ಗಾಡೀನೇ ಹಿಡ್ಕೋತೀವಿ."

"ಅಂಗಾದ್ರೆ ಬಸ್ಸಲ್ಲ ಸಾರ್," ಎಂದ ಮಾರಿಯಪ್ಪ ಬೇಗ ಬೇಗನೆ. "ಕುರಿ ಗಾಡಿ. ಅಜ್ಜೀನ ಬೇಕಾದ್ರೆ ಕೇಳಿ. ಸೀಟೇ ಇಲ್ಲ ಅಂತ ಬೈತು."

ಶಿವಲಿಂಗಂ ಹಣೆ ಒತ್ತಿಕೊಳ್ಳುತ್ತ ಏನೇನೋ ಬರೆದುಕೊಂಡರು. ಮೇಲಿನವರು ನೋಡಿ ತೀರ್ಮಾನ ಮಾಡುತ್ತಾರೆ, ಫೋನಿಗೆ ಮೆಸೇಜು ಬರುತ್ತದೆ, ಅಲ್ಲಿವರೆಗೆ ಕಟ್ಟಬೇಡ, ಇಲ್ಲಿಗೂ ಬರಬೇಡ ಎಂದರು. ಕೊನೆಯ ಮಾತನ್ನು ಎರಡು ಭಾಷೆಯಲ್ಲೂ ಹೇಳಿದರು.

ಅಲ್ಲಿಂದ ಮುಂದೆ ಮಾರಿಯಪ್ಪನ ಊಟ ನಿದ್ದೆ ಎಲ್ಲ ಹೆಂಡತಿಯ ಫೋನಿನ ಕೈಗೆ ಹೋಯಿತು. ಅದು ಟಿಣ್ ಎಂದರೆ ಇವನು ತುತ್ತನ್ನು ತಟ್ಟೆಗೆ ಹಾಕಿ ಏಳುತ್ತಿದ್ದ. ಗ್ಯಾಸು ಬಂತೆಂದು ಟಿಣ್, ಧರ್ಮಪುರಿಯಲ್ಲಿ ಚಿನ್ನದಂಗಡಿ ತೆರೆದರೆಂದು ಟಿಣ್, ನೀವು ಒಂದು ಕಾರು ಗೆದ್ದಿದ್ದೀರಿ ಎಂದು ಟಿಣ್. ಕಾರಿನ ಸುದ್ದಿ ಕೇಳಿ ಅವನು ಇನ್ನಷ್ಟು ಬಿಳಿಚಿಕೊಂಡ. ಇರುವ ಒಂದು ಗಾಡಿಯ ಪಾಡೇ ಹೀಗಿರುವಾಗ.

ದಾರಿಯಲ್ಲಿ ಬಸ್ಸು ಕಂಡರೆ ಈಗ ಗಾಡಿಯನ್ನು ಪೂರ್ತಿ ಹೊಲಕ್ಕೇ ಇಳಿಸುತ್ತಿದ್ದ. ಇಸ್ಕೂಲ್ ವ್ಯಾನಿಗೂ ಇಳಿಸುತ್ತಿದ್ದ. ಕುರಿಗಳು ಸಂತೆ ಮುಟ್ಟುವ ಹೊತ್ತಿಗೆ ಸಂತೆ ಕಳೆದಿರುತ್ತಿತ್ತು. ಹಟ್ಟಿಯವರಿಗೆ ಇಷ್ಟು ಸಾಕು.

"ಏನ್ಲಾ ಮಾರಿ, ಆ ಕೋಳಿಗೂ ಫೈನ್ ಬಿದ್ದೈತಂತೆ, ಔದಾ?"

"ಓಮಲೂರ್ ಬಸ್ ಎಷ್ಟೊತ್ಗಪ್ಪಾ?"

ನಂಜಯ್ಯ ಮಾತ್ರ ನಗುತ್ತಿರಲಿಲ್ಲ. ದಿನಕ್ಕೊಂದು ಸಲ ಬಂದು ತಂಗಿಯ ಕೈಯ ಟೀ ಕುಡಿದು, "ಬಂತಾ ಮೆಸೇಜು?" ಎಂದು ಕೇಳುತ್ತಿದ್ದ. ಬಂದಿಲ್ಲ ಎಂದರೆ, "ಪಾಪ, ಕಟ್ಬುಟ್ಟು ನೆಮ್ದಿಯಾಗಿರಬಾರ್ದಾ? ಪೆಟ್ಗೆ ಏನು, ಯಾರಾನ ಒತ್ಕೊಂತಾರೆ," ಎನ್ನುತ್ತಿದ್ದ. ಯಾರಾನ ಎನ್ನುವಾಗ ಅವನ ಕತ್ತು ತಾನೇತಾನಾಗಿ ನೆಟ್ಟಗಾಗುತ್ತಿತ್ತು.

ಆಡಿ ಹದಿನೆಂಟರ ಹಿಂದಿನ ದಿನವೂ ಮೆಸೇಜು ಬರಲಿಲ್ಲ. ಪೆಟ್ಟಿಗೆ ಹೊರುವವನ ಕೈಗೆ ಅರಿಸಿನದ ದಾರ ಕಟ್ಟಲು ಎಲ್ಲರೂ ಕಟ್ಟೆಯಲ್ಲಿ ಸೇರಿದರು. ಮಾರಿಯಪ್ಪ ಹೊಸ ಪಂಚೆ ಉಟ್ಟು, ಸ್ನಾನದ ನೀರೋ ಬೆವರೋ ತಿಳಿಯದ ಹಾಗೆ ನಿಂತಿದ್ದ. ದೊಡ್ಡಕ್ಕ ದಾರ ತೆಗೆದುಕೊಂಡಳು.

"ಒಂದ್ ನಿಮ್ಸ," ಎಂದು ನಂಜಯ್ಯ ಎದ್ದ. ಹೆಗಲ ಮೇಲಿನ ಟವೆಲನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. "ದೇವ್ರ್ ಕೆಲ್ಸ. ಸುಳ್ ನಡ್ಯಾಕಿಲ್ಲ. ಆ ಗಾಡಿ ಮ್ಯಾಲಿನ್ ದಂಡ ಕಟ್ಟಾಗೈತೆ. ನಿಜಾನೋ ಸುಳ್ಳೋ ಈ ವನಿತಾನೇ ಕೇಳ್ರಿ. ಅವ್ಳ ಅಂಗ್ಡೀಲೇ ಕಟ್ಟಿರಾದು."

ಮಾರಿಯಪ್ಪನ ಕಾಲ ಕೆಳಗಿನ ನೆಲ ತೊಪ್ಪೂರು ಘಾಟಿಯ ಹಾಗೆ ಇಳಿಯಿತು. "ನಾನ್ ಕಟ್ಟಿಲ್ಲ ದೊಡ್ಡಕ್ಕಾ. ಬೀರಪ್ಪನಾಣೆ."

"ಕಟ್ಟಾಗೈತೇನಮ್ಮಾ?" ಎಂದು ದೊಡ್ಡಕ್ಕ ವನಿತಾಳನ್ನು ಕೇಳಿದಳು.

"ಔದು, ಕಟ್ಟಾಗೈತೆ."

ಕಟ್ಟೆಯ ತುಂಬ ಗುಸುಗುಸು ಎದ್ದಿತು. ಮುನಿಲಕ್ಷ್ಮಮ್ಮ ಗಂಡನನ್ನು ನೋಡಿದ ನೋಟಕ್ಕೆ ಅವನು ಮಾಡದ ತಪ್ಪನ್ನೂ ಒಪ್ಪಿಕೊಳ್ಳುವವನಿದ್ದ. ನಂಜಯ್ಯ ದಾರಕ್ಕಾಗಿ ಅಂಗಿಯ ಬಲತೋಳು ಮಡಿಸಲು ಶುರು ಮಾಡಿದ್ದ.

ವನಿತಾಳಿಗೆ ಹೇಳುವುದು ಇನ್ನೂ ಮುಗಿದಿರಲಿಲ್ಲ. "ಮಾರಿಯಣ್ಣಂಗೆ ಗೊತ್ತೇ ಇಲ್ಲ ಪಾಪ. ನಂಜಯ್ಯಣ್ಣಾನೇ ಗಾಡಿ ನಂಬ್ರ ತಂದು, ತಾವೇ ದುಡ್ ಕೊಟ್ಟು ಕಟ್ಟುದ್ರು. ಯಾರ್ಗೂ ಏಳ್ಬ್ಯಾಡ ಅಂದಿದ್ರು. ತಂಗಿ ಗಂಡ ಅಂತ ಎಷ್ಟ್ ಪ್ರೀತಿ ನೋಡಿ. ನನ್ ಅಣ್ಣನೂ ಅವ್ನೆ, ಒಂದ್ ರೀಚಾರ್ಜ್ ಮಾಡ್ಸಿಲ್ಲ."

ದೊಡ್ಡಕ್ಕ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಂಜಯ್ಯನನ್ನು ನೋಡಿದಳು.

"ಕಟ್ಟಿದ್ದು ನೀನಾ?"

"ಕಟ್ಟಿದ್ ಯಾರಾದ್ರೇನು? ಆ ದಾರೀಲಿ ಓಗಿದ್ ಅವ್ನಲ್ವಾ?"

"ಅವ್ನು ತಪ್ಪಿಲ್ಲ ಅಂತ ಸೇಲಂ ತಂಕ ಓಗಿ ಏಳ್ಬುಟ್ ಬಂದವ್ನೆ. ನೀನು ತಪ್ಪು ಅಂತ ಒಪ್ಕೊಂಡು ದುಡ್ ಎಣ್ಸಿದೀಯ. ಈ ಕಟ್ಟೇಲಿ ಕಟ್ಟಿದೋನ್ ತಲೆ ಮ್ಯಾಲೇ ತಪ್ಪು. ನಿಮ್ ಅಪ್ಪ ಕಟ್ದಾಗ್ಲೂ ಅಂಗೇ ಅಂದಿದ್ವಿ."

ನಾರಾಯಣಪ್ಪ ಆಗ ಎಚ್ಚರಗೊಂಡು, "ಏನಂತೆ?" ಎಂದ.

"ನೀನ್ ತೀರ್ಮಾನ ಏಳ್ದೆ," ಎಂದಳು ದೊಡ್ಡಕ್ಕ. "ನಂಜಯ್ಯ ಇನ್ನೊಂದ್ ಆಡಿ ಕಳ್ಯಗಂಟ ಪೆಟ್ಗೆ ಮುಟ್ಟಂಗಿಲ್ಲ ಅಂತ." ಮಾರಿಯಪ್ಪನ ಕೈಗೆ ದಾರ ಕಟ್ಟಿದಳು. ಮುನಿಲಕ್ಷ್ಮಮ್ಮ ಬಂದು ಗಂಟನ್ನು ಇನ್ನೊಮ್ಮೆ ಬಿಗಿದಳು.

ಮರುದಿನ ಹೊಗೆನಕಲ್ಲಿನಲ್ಲಿ ಮಾರಿಯಪ್ಪ ಎದೆಮಟ್ಟದ ನೀರಿಗೆ ಇಳಿದ. ತಲೆಯ ಮೇಲೆ ತಾತನ ಕಾಲದ ಭಾರ, ಮೇಲೆ ಮೆರುಗು ಹಾಕಿದ ಬೆಳ್ಳಿ ಕೊಡೆ, ದಡದಲ್ಲಿ ಡೊಳ್ಳು. ಮುಳುಗುವ ಮುಂಚೆ ಎಡಕ್ಕೂ ಬಲಕ್ಕೂ ನೋಡಿದ. ನೀರಿನಲ್ಲೂ ಯಾವುದಾದರೂ ದಾರಿ ಯಾರಿಗಾದರೂ ಬಿಟ್ಟಿದ್ದಾರೋ ಏನೋ. ಹರಿಗೋಲುಗಳು ತೇಲುತ್ತಿದ್ದವು, ಯಾರೂ ಬೈಯಲಿಲ್ಲ. ಮುಳುಗಿ ಎದ್ದ. ಅವನ ಕಣ್ಣಲ್ಲಿ ನೀರು ಇತ್ತೆಂದು ಕೆಲವರು ಹೇಳುತ್ತಾರೆ. ಕಾವೇರಿಯಿಂದ ಎದ್ದವನ ಕಣ್ಣಲ್ಲಿ ಇನ್ನೇನಿರಬೇಕು.

ಕಥೆ ಇಲ್ಲಿಗೆ ಮುಗಿದಿದ್ದರೆ ಮಾರಿಯಪ್ಪ ಸುಖವಾಗಿರುತ್ತಿದ್ದ. ಆದರೆ ನಂಜಯ್ಯ ತಂಗಿಯ ಮನೆಯ ಟೀ ಬಿಟ್ಟ. ಮುಂದಿನ ವರ್ಷ ತಾನಾಗಿಯೇ ಬರುತ್ತಿದ್ದ ಸರದಿಯನ್ನು ತಾನೇ ದುಡ್ಡು ಕೊಟ್ಟು ಕಳೆದುಕೊಂಡಿದ್ದ. ಹಟ್ಟಿಯ ಹಿಂದಿನ ಹುಣಸೆಮರದ ಕೆಳಗೆ ಒಬ್ಬನೇ ಕೂರುತ್ತಿದ್ದ. ಅಣ್ಣ ಮರದ ಕೆಳಗೆ ಕೂತಷ್ಟು ಹೊತ್ತು ಮುನಿಲಕ್ಷ್ಮಮ್ಮ ಒಲೆಯ ಮುಂದೆ ಪಾತ್ರೆ ಕುಕ್ಕುತ್ತಿದ್ದಳು. ಸಾರಿಗೆ ಉಪ್ಪು ಬೀಳುವುದು ನಿಂತಿತು.

ಕೊನೆಗೆ ಅವಳೇ ದೊಡ್ಡಕ್ಕನ ಹತ್ತಿರ ಹೋಗಿ ದಾರಿ ಕೇಳಿಕೊಂಡು ಬಂದಳು. "ಆ ಲೇನಲ್ಲಿ ಓದೋನೇ ದಂಡ ಆಕಿದೋರ್ ಮುಂದೆ ನಿಂತು ತಪ್ಪು ನಂದು ಅಂತ ಬಾಯ್ ಬಿಟ್ ಏಳುದ್ರೆ, ಅಣ್ಣನ್ ತಲೆ ಮ್ಯಾಲಿಂದ ಇಳೀತದಂತೆ."

"ನನ್ ತಲೆ ಮ್ಯಾಕೆ ಬರ್ತದಲ್ಲ?"

"ಬರ್ಲಿ. ಒಂದ್ ವರ್ಸ ಪೆಟ್ಗೆ ಮುಟ್ಬ್ಯಾಡ. ನಿನ್ ಸರ್ದಿ ಇನ್ ಯಾವತ್ಗೆ ಬತ್ತದೆ? ಅಣ್ಣಂದು ಬರಾ ವರ್ಸ."

ಮಾರಿಯಪ್ಪ ಎದ್ದು ಹೊಸ ಪಂಚೆ ತೆಗೆದ. ತೆಗೆಯದಿದ್ದರೆ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ.

ಮೂವರೂ ಬಸ್ಸು ಹತ್ತಿ ಸೇಲಂಗೆ ಹೋದರು. ಟ್ರಾಫಿಕ್ ಆಫೀಸಿನ ಬಾಗಿಲಲ್ಲಿ ಮಾರಿಯಪ್ಪನ ತಲೆ ಕಂಡದ್ದೇ ತಡ, ಶಿವಲಿಂಗಂ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡರು.

"ಮತ್ತೆ ಯಾಕೆ ಬಂದೆ? ದುಡ್ಡು ಕಟ್ಟಾಗಿದೆ. ನಿನ್ನ ಅಪೀಲು ಓದೋ ಮುಂಚೇನೇ ಮುಚ್ಚಿ ಹೋಯ್ತು."

"ಅಪೀಲು ಇವ್ರ್ದು ಸಾರ್," ಎಂದು ಮಾರಿಯಪ್ಪ ನಂಜಯ್ಯನನ್ನು ಮುಂದೆ ತಳ್ಳಿದ.

"ಗಾಡಿ ನಿಂದಾ?" ಎಂದರು ಶಿವಲಿಂಗಂ.

"ಇಲ್ಲ ಸಾರ್," ಎಂದ ನಂಜಯ್ಯ.

"ನೀನು ಓಡಿಸಿದ್ಯಾ?"

"ನಂಗೆ ಓಡ್ಸಕ್ಕೇ ಬರಲ್ಲ ಸಾರ್."

"ಆ ದಿನ ಸೇಲಂಗೆ ಬಂದಿದ್ಯಾ?"

"ಸಂತೇಲಿದ್ದೆ ಸಾರ್."

"ಮತ್ತೆ ಏನಂತಯ್ಯಾ ಅಪೀಲು?"

"ನಾನು ತಪ್ ಮಾಡಿಲ್ಲ ಅಂತ ಸಾರ್."

ಶಿವಲಿಂಗಂ ಬಹಳ ಹೊತ್ತು ಫ್ಯಾನು ನೋಡಿದರು. "ಇಲ್ಲಪ್ಪ, ನೀನು ಮಾಡಿಲ್ಲ. ಮಾಡಿದೀಯ ಅಂತ ಯಾರು ಹೇಳಿದ್ರು?"

ಮುನಿಲಕ್ಷ್ಮಮ್ಮ ಹಿಂದಿನಿಂದ ಗಂಡನ ಬೆನ್ನಿಗೆ ಒಂದು ಬೆರಳು ಒತ್ತಿದಳು. ಮಾರಿಯಪ್ಪ ಲಂಚದ ಬೋರ್ಡಿನ ಕೆಳಗೆ ಕೈ ಕಟ್ಟಿ ನಿಂತ.

"ಮಾಡಿದ್ದು ನಾನು ಸಾರ್. ಬಸ್ಸಿನ್ ದಾರೀಲಿ ಓಗಿದ್ದು ನಾನೇ. ತಪ್ಪು ನಂದೇ."

ನಂಜಯ್ಯ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಶಿವಲಿಂಗಂ ಪೆನ್ನು ಕೆಳಗಿಟ್ಟರು.

"ಈ ಒಂದು ಮಾತನ್ನ ಅವತ್ತೇ ಹೇಳಿದ್ದಿದ್ರೆ ಇಷ್ಟೆಲ್ಲ ಇತ್ತೇನಯ್ಯಾ?"

"ಅವತ್ತು ದೇವ್ರ್ ಕೆಲ್ಸ ಬಾಕಿ ಇತ್ತು ಸಾರ್," ಎಂದ ಮಾರಿಯಪ್ಪ.